ಮೊಣಕಾಲುದ್ದ ನೀರಿನಲ್ಲಿ ಯಜಮಾನ್ತಿ

ಆಗ ನನಗೆ ಐವತ್ತೆರಡು. ಅದಾಗಿ ಇಪ್ಪತ್ತಮೂರು ವರ್ಷ ಆಯಿತು. ಮೊನ್ನೆ ನೆಲದಡಿಯ ಟ್ಯೂಬ್ ರೈಲಿನಲ್ಲಿ ಪಕ್ಕ ಕೂತ ಹುಡುಗಿ ಬಿಸಿಲಿಗೆ ಹಚ್ಚುವ ಕ್ರೀಮ್ ತೆಗೆದು ತೋಳಿಗೆ ಬಳಿದುಕೊಂಡಳು. ಕೊಬ್ಬರಿ ವಾಸನೆ. ನಾನು ಇಳಿಯುವ ಸ್ಟೇಷನ್ ದಾಟಿಹೋದದ್ದೇ ಗೊತ್ತಾಗಲಿಲ್ಲ…

ಆಗ ಇಲ್ಲೇ, ಈ ಪರದೇಶದಲ್ಲಿ, ಟೂಟಿಂಗ್ ಎಂಬ ಬಡಾವಣೆಯ ಒಂದು ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಕೆಲಸಕ್ಕಿದ್ದೆ. ಯಜಮಾನ್ತಿ ನಮ್ಮ ಕುಂದಾಪುರದ ಕಡೆಯವರೇ. ಬಾಯಿ ಜೋರು. ಉಪ್ಪು ಹೆಚ್ಚಾದರೆ ಗಿರಾಕಿಗಳ ಎದುರೇ ಬೈಯುವರು, ಊಟಕ್ಕೆ ಕೂತಾಗ ತಮ್ಮ ಮೀನಿನ ತುಂಡು ನನ್ನ ತಟ್ಟೆಗೆ ಹಾಕುವರು. ಅವರಿಗೆ ಕ್ಯಾನ್ಸರ್ ಆಗಿ ಒಂದು ಮೊಲೆ ತೆಗೆದರು. ಗಾಳಿ ಬದಲಾಗಲಿ ಅಂತ ಮಕ್ಕಳು ಗ್ರೀಸಿನ ದ್ವೀಪಗಳಿಗೆ ಟಿಕೆಟ್ ಮಾಡಿಸಿದರು. “ಒಬ್ಳೇ ಹೋಯಿ ಎಂತ ಮಾಡುದ್? ನೀನೂ ಬಾ ಹೆಣೆ” ಅಂದರು.

ಕೊರ್ಫು ಎಂಬ ದ್ವೀಪದಿಂದ ದೋಣಿ. ಒಂದು ದ್ವೀಪ ಕಳೆದರೆ ಇನ್ನೊಂದು, ಎಲ್ಲವೂ ನೀರಿನ ಅಂಚಿನವರೆಗೆ ಹಸಿರು. “ನಮ್ ಊರೇ ಸೈ. ತೆಂಗಿನ್ ಮರ ಒಂದಿಲ್ಲೆ” ಅಂದರು.

ಅವರಿಗೆ ಒಂದೇ ಆಸೆ. ಊರಲ್ಲಿ ಅಮಾಸೆಗೆ ಸೀರೆ ಉಟ್ಟೇ ಸಮುದ್ರಕ್ಕಿಳಿದು ಮೂರು ಮುಳುಗು ಹಾಕುತ್ತಿದ್ದೆವಲ್ಲ, ಹಾಗೆ ಇಲ್ಲಿ ಒಮ್ಮೆ ಮುಳುಗಬೇಕು. ಆಪರೇಷನ್ ಆದ ಬದಿಯ ಕೈಗೆ ಬಲ ಇರಲಿಲ್ಲ. ಯಾರಾದರೂ ಹಿಡಿದುಕೊಳ್ಳದೆ ಆಗುವ ಕೆಲಸ ಅಲ್ಲ ಅದು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಕಡಲಿಗೆ ಹೋದೆವು. ಹಳೆಯ ನೂಲಿನ ಸೀರೆ ಉಟ್ಟಿದ್ದರು. ದಡದಲ್ಲಿ ನಿಂತವರು ರವಿಕೆಯೊಳಗೆ ಕೈಹಾಕಿ, ಖಾಲಿ ಜಾಗಕ್ಕೆ ಇಟ್ಟುಕೊಳ್ಳುತ್ತಿದ್ದ ಹತ್ತಿಯ ಉಂಡೆ ಒದ್ದೆಯಾಗಬಾರದೆಂದು ತೆಗೆದು ನನಗೆ ಕೊಟ್ಟರು.

“ಚಂಡಿ ಆತ್ತ್, ಇಟ್ಕೊ.”

ಗಡಬಡಿಸಿ ಚೀಲಕ್ಕೆ ತುರುಕಿದೆ. ಸುತ್ತ ಬಿಳಿಯರು ಅದೇ ಕೊಬ್ಬರಿ ವಾಸನೆಯ ಕ್ರೀಮ್ ಬಳಿದುಕೊಂಡು ಮಲಗಿದ್ದರು. ಸೀರೆಯವರು ನಾವಿಬ್ಬರೇ. ಒದ್ದೆ ಸೀರೆ ಮೈಗಂಟಿದರೆ ಒಂದು ಬದಿ ಚಪ್ಪಟೆ ಎಲ್ಲರಿಗೂ ಕಾಣುತ್ತದೆ, ಅಂಥವರ ಕೈಹಿಡಿದು ನಾನು ನಿಲ್ಲಬೇಕು… ಅದು ನನ್ನಿಂದಾಗಲಿಲ್ಲ.

“ಹೋಪ, ಕೈ ಹಿಡ್ಕೊ.”

“ನಂಗೆ ಶೀತ ಅಮ್ಮಾ.”

“ಇಲ್ಲಿ ಊರಿಡೀ ಬತ್ತಲೆ ಬಿದ್ಕಂಡಿತ್. ಇಬ್ರ್ ಮುದ್ಕಿಯರನ್ನ್ ಯಾರ್ ಕಾಂತ್ರ್ ಮಾರಾಯ್ತಿ?”

ನಾನು ನಗಲಿಲ್ಲ. ಅವರು ನನ್ನ ಮುಖ ನೋಡಿದರು. ಶೀತ ಅಲ್ಲ ಅಂತ ತಿಳಿಯಿತು ಅವರಿಗೆ. ಒಬ್ಬರೇ ಮೊಣಕಾಲುದ್ದ ನೀರಿಗೆ ಹೋದರು. ಬಗ್ಗಿ ಒಂದು ಕೈಯಲ್ಲಿ ನೀರು ತೆಗೆದು ತಲೆಗೆ ಚಿಮುಕಿಸಿಕೊಂಡು ಬಂದರು. ಇನ್ನೊಂದು ಕೈಯಲ್ಲಿ ಸೆರಗನ್ನು ಎದೆಗೆ ಒತ್ತಿ ಹಿಡಿದಿದ್ದರು. ನೀರಿಗೆ ಹೋಗುವಾಗ ಹಾಗೆ ಹಿಡಿದಿರಲಿಲ್ಲ.

ಮರುವರ್ಷ ತೀರಿಕೊಂಡರು. ಹೋಟೆಲೂ ಈಗಿಲ್ಲ, ಆ ಜಾಗದಲ್ಲಿ ಫೋನ್ ಅಂಗಡಿ ಇದೆ. ಸಾರಿಗೆ ಉಪ್ಪು ಹೆಚ್ಚಾದರೆ ಬೈಯುವವರು ಯಾರೂ ಇಲ್ಲ. ಅಷ್ಟು ವರ್ಷದಲ್ಲಿ ನನ್ನ ಹತ್ತಿರ ಅವರು ಬಾಯಿಬಿಟ್ಟು ಕೇಳಿದ ಸಹಾಯ ಅದೊಂದೇ, ಕೈ ಹಿಡಿದುಕೋ ಅಂತ.

ಆ ದ್ವೀಪದಲ್ಲಿ, ಹೊರಡುವ ದಿನ ಬೆಳಿಗ್ಗೆ ಅವರಿಗಿಂತ ಮೊದಲೇ ಎದ್ದೆ. ಸಮುದ್ರ ಕಾಣುವ ಕಿಟಕಿಗೆ ಪರದೆ ಎಳೆದುಬಿಟ್ಟೆ.