ಊರೆಲ್ಲ ಕೇಳಿದ ದನಿ

ನಮ್ಮಪ್ಪ ನಾಟಕದ ಮೇಷ್ಟ್ರು. ಕೊಡಿಗೇಹಳ್ಳಿ, ಯಲಹಂಕ ಸುತ್ತಿನ ಊರುಗಳಲ್ಲಿ ಪೌರಾಣಿಕ ನಾಟಕ ಕಲಿಸುತ್ತ, ಹಾರ್ಮೋನಿಯಂ ನುಡಿಸಿ ಹಾಡುತ್ತಿದ್ದರು. ದುಃಖದ ಸನ್ನಿವೇಶದಲ್ಲಿ ಅವರು ದನಿ ಎತ್ತಿದರೆ ಗಂಡಸರೂ ಟವಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರಂತೆ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಆ ಅಪ್ಪ ನಮ್ಮನ್ನು ಬಿಟ್ಟು ಸೋಲದೇವನಹಳ್ಳಿಯಲ್ಲಿ ಇನ್ನೊಂದು ಸಂಸಾರ ಹೂಡಿದರು. ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿ ನನ್ನನ್ನು ಓದಿಸಿದಳು. ಮನೆಯಲ್ಲಿ ಅಪ್ಪನ ಮಾತೇ ಬರುತ್ತಿರಲಿಲ್ಲ. ಆದರೂ ಎಲ್ಲಾದರೂ ಹಾರ್ಮೋನಿಯಂ ಕೇಳಿಸಿದರೆ ನಾನು ಬೀದಿಯಲ್ಲೇ ನಿಂತುಬಿಡುತ್ತಿದ್ದೆ.

ಹೋದ ವರ್ಷ ಅಪ್ಪ ತೀರಿಕೊಂಡರು. ಅವರ ಶಿಷ್ಯರು ಯಲಹಂಕದಲ್ಲೊಂದು ಕಾರ್ಯಕ್ರಮ ಇಟ್ಟುಕೊಂಡು, ಅಮ್ಮನನ್ನು ಕರೆಯಲು ಮನೆಗೆ ಬಂದರು.

"ವೇದಿಕೆ ಮೇಲೆ ಕೂರ್ಬೇಕಮ್ಮ, ಸನ್ಮಾನ ಮಾಡ್ತೀವಿ," ಎಂದರು.

ನನಗೆ ಸಿಟ್ಟು ಬಂತು. "ನಮ್ಮನ್ನ ಬಿಟ್ಟು ಹೋದಾಗ ನೀವೆಲ್ಲ ಎಲ್ಲಿದ್ರಿ?" ಎಂದು ಕೇಳಿದೆ.

ಅವರಲ್ಲಿ ಹಿರಿಯರೊಬ್ಬರು ತಲೆ ತಗ್ಗಿಸಿದರು. "ಅದು ಅವರ ಸ್ವಂತ ವಿಷ್ಯ ಅಂತ ಸುಮ್ನಿದ್ವಿ ತಾಯಿ. ನಮಗೆ ಅವರ ವಿದ್ಯೆ ಸಾಕಾಗಿತ್ತು."

ಆ ಸ್ವಂತ ವಿಷಯ ಅಂದರೆ ನಾವೇ. ಹಾಗೆಂದು ಹೇಳುವಷ್ಟರಲ್ಲಿ ಅಮ್ಮ ಬಾಯಿ ಬಿಟ್ಟಳು: "ಮೇಲೆ ಕೂರಲ್ಲ. ಶಾಲು ಗೀಲು ಬ್ಯಾಡ. ಕೆಳಗೆ ಕೂತು ಪದ ಕೇಳ್ಕೊಂಡು ಬರ್ತೀನಿ."

ಕಾರ್ಯಕ್ರಮದಲ್ಲಿ ಸೋಲದೇವನಹಳ್ಳಿಯ ಮನೆಯವರು ಮುಂದಿನ ಸಾಲಿನಲ್ಲಿದ್ದರು. ಅಲ್ಲೊಬ್ಬ ಹುಡುಗಿಗೆ ಥೇಟ್ ಅಪ್ಪನದೇ ಹಣೆ. ಅಪ್ಪ ಹಾಡಿದ್ದ ಹಳೆಯ ರೆಕಾರ್ಡಿಂಗ್ ಹಾಕಿದರು. ಮಗನನ್ನು ಕಳೆದುಕೊಂಡ ರಾಜನ ಪದ. ಅಮ್ಮ ಮೊಣಕಾಲ ಮೇಲೆ ಬೆರಳಿಂದ ತಾಳ ಹಾಕತೊಡಗಿದಳು. ಸಭೆಯಲ್ಲಿ ಯಾರೋ ಮೂಗೆಳೆದುಕೊಂಡರು. ಎದ್ದು ಹೊರಗೆ ಹೋಗಬೇಕೆನಿಸಿತು. ಆಗಲಿಲ್ಲ. ಇಷ್ಟು ಕರುಣೆ ಇದ್ದ ದನಿಗೆ ನಮ್ಮ ನೆನಪು ಯಾಕೆ ಬರಲಿಲ್ಲವೋ ಎಂದುಕೊಳ್ಳುತ್ತಲೇ ಕೊನೆಯವರೆಗೂ ಕೇಳಿದೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕೇಳಿದೆ, "ಅಷ್ಟು ಸಲೀಸಾಗಿ ಹೆಂಗಮ್ಮ ಕೂತ್ಕೊಂಡಿದ್ದೆ?"

"ಸಲೀಸು ಅಂತ ಯಾರಂದ್ರು?" ಅಮ್ಮ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಪದ ಚೆಂದಾಗಿಲ್ಲ ಅಂದ್ರೆ ಸುಳ್ಳಾಯ್ತದೆ. ಅವ್ರು ಮಾಡಿದ್ದು ಸರಿ ಅಂದ್ರೂ ಸುಳ್ಳಾಯ್ತದೆ. ಎರಡೂ ನಂಗೆ ಬ್ಯಾಡ ಕಣವ್ವ."

ನನಗೆ ಅಮ್ಮನಷ್ಟು ನಿಚ್ಚಳವಾಗಿ ಯೋಚಿಸಲು ಬರುವುದಿಲ್ಲ. ಆಮೇಲೆ ಶಿಷ್ಯರಿಂದ ಆ ರೆಕಾರ್ಡಿಂಗನ್ನು ಫೋನಿಗೆ ಹಾಕಿಸಿಕೊಂಡೆ. ಎರಡು ಪದಗಳ ನಡುವೆ ಅಪ್ಪ ಕೆಮ್ಮಿ, "ಒಂಚೂರು ನೀರು ಕೊಡಮ್ಮ," ಎನ್ನುತ್ತಾರೆ. ಸಭೆಗೆ ಹಾಡುವ ದನಿಯಲ್ಲ, ಮನೆಯಲ್ಲಿ ಮಾತಾಡುವ ದನಿ. ಯಾರಿಗೆ ಹೇಳಿದರೋ, ಆ ಹಣೆಯ ಹುಡುಗಿಗೇ ಇರಬಹುದು.

ಈಗ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಾಗಲೆಲ್ಲ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತೇನೆ. ಪದಗಳನ್ನು ದಾಟಿಸಿ ಅದೊಂದು ಮಾತನ್ನು ಕೇಳುತ್ತೇನೆ.