ಬೆಕ್ಕಿನ ಮೇಲೆ ಹೊರಿಸಿದ ತಪ್ಪು

ಕೋಡಿಯ ಪದ್ದುವಿನ ಅಡುಗೆಮನೆಯಲ್ಲಿ ಆ ತಿಂಗಳು ಮೂರು ಸಲ ಬಂಗುಡೆ ಸಾರು ತೆಂಗಿನ ಬುಡ ಸೇರಿತು. ಮೂರು ಸಲವೂ ಚೆಲ್ಲಿದವಳು ಪದ್ದುವೇ. ತಪ್ಪು ಹೊತ್ತದ್ದು ಮಾತ್ರ ಬೆಕ್ಕು.

ಎರಡು ಸಾವಿರದ ಎಂಟನೇ ಇಸವಿಯ ಮಾತು. ಮೀನು ಮಾರುವ ಹೆಂಗಸರ ಬದುಕಿನ ಅಧ್ಯಯನಕ್ಕೆಂದು ಪೋಲೆಂಡಿನಿಂದ ಬಂದ ಮಾರ್ತಾ ಎಂಬ ಹುಡುಗಿಯನ್ನು ಉಡುಪಿ ಕಡೆಯ ಒಂದು ಕಾಲೇಜಿನವರು ನಾಲ್ಕು ತಿಂಗಳಿಗೆ ಪದ್ದುವಿನ ಮನೆಯಲ್ಲಿ ಇರಿಸಿದ್ದರು. ಕಾಲೇಜಿನವರಿಗೆ ಪದ್ದುವಿನ ಹೆಸರು ಕೊಟ್ಟವಳು ಮಗಳು ಸೌಜನ್ಯ. ಕುಂದಾಪುರದಲ್ಲಿ ಡಿಗ್ರಿ ಓದುತ್ತಿದ್ದಳು. ಒಂದು ತಿಂಗಳಾದ ಮೇಲೆ ಲೆಕ್ಚರರ್ ಬಂದು ವಿಚಾರಿಸುತ್ತಾರೆ, ಹೊಂದಿಕೆಯಾಗದಿದ್ದರೆ ಪೇಟೆಯ ಇನ್ನೊಂದು ಮನೆಗೆ ಕಳಿಸುತ್ತಾರೆ ಎಂದು ಮೊದಲೇ ಮಾತಾಗಿತ್ತು. ಎರಡನೇ ವಾರ ಮುಗಿಯುವ ಹೊತ್ತಿಗೆ, ಈ ಹುಡುಗಿಯನ್ನು ಕಳಿಸಿಬಿಡಬೇಕೆಂದು ಪದ್ದು ಮನಸ್ಸಿನಲ್ಲೇ ನಿಶ್ಚಯಿಸಿದ್ದಳು.

ಹುಡುಗಿ ಕೆಟ್ಟವಳಲ್ಲ. ನಗುತ್ತಿದ್ದಳು, ಚಾಪೆ ಮಡಚಿಡುತ್ತಿದ್ದಳು, ಕಲಿತು ಬಂದ ಪುಸ್ತಕದ ಕನ್ನಡದಲ್ಲಿ ದಿನಕ್ಕೆ ನೂರು ಪ್ರಶ್ನೆ ಕೇಳುತ್ತಿದ್ದಳು. ಆದರೆ ಒಲೆಯ ಮುಂದೆ ಬಂದು ಕೂತು, ಸಾರಿನ ರುಚಿ ನೋಡುತ್ತೇನೆಂದು ಸೌಟನ್ನು ಬಾಯಿಗಿಟ್ಟು ನೆಕ್ಕಿ, ಅದೇ ಸೌಟನ್ನು ತಿರುಗಿ ಮಣ್ಣಿನ ಅಳಗೆಗೆ ಅದ್ದುವಳು. ಬುಟ್ಟಿಯ ಮೀನಿನ ನೀರು ಕುತ್ತಿಗೆಯಿಂದ ಬೆನ್ನಿಗಿಳಿದರೂ ಮುಖ ಸಿಂಡರಿಸದ ಹೆಂಗಸು ಪದ್ದು. ಕೊಳೆತ ಕರುಳನ್ನು ಬೆರಳಲ್ಲಿ ಬಗೆದು ತೆಗೆದವಳು. ಆದರೆ ಆ ಎಂಜಲು ಸೌಟು ಕೆಂಪು ಸಾರಿನೊಳಗೆ ಮುಳುಗುವುದನ್ನು ಕಂಡ ಮೇಲೆ ಅದನ್ನು ಬಾಯಿಗಿಡುವುದು ಅವಳಿಂದಾಗುತ್ತಿರಲಿಲ್ಲ. ಹುಡುಗಿ ಸ್ನಾನಕ್ಕೆ ಹೋದಾಗ ಅಳಗೆಯನ್ನು ಹಿತ್ತಿಲಿಗೆ ಒಯ್ಯುತ್ತಿದ್ದಳು. ಬೆಕ್ಕು ಮುಟ್ಟಿತು ಎನ್ನುತ್ತಿದ್ದಳು.

ಮಾರ್ತಾ ನಂಬಿದಳು. ಪೇಟೆಯಿಂದ ಭಾರದ ಮುಚ್ಚಳವೊಂದನ್ನು ತಂದುಕೊಟ್ಟಳು. ಕೋಲು ಹಿಡಿದು ಬೆಕ್ಕನ್ನು ಅಂಗಳವಿಡೀ ಓಡಿಸಿದಳು.

ಹೇಳಿಬಿಡಬಾರದೇ ಎಂದು ಸೌಜನ್ಯ ಪೀಡಿಸಿದಳು.

"ಮನಿಗ್ ಬಂದವ್ಳಿಗೆ ನಿನ್ ಎಂಜಲ್ ಹೇಸ್ಗಿ ಅಂದ್ ಹೇಳುಕಾತ್ತಾ?" ಎಂದಳು ಪದ್ದು. "ಬೆಕ್ಕಿಗಾರೆ ಮರ್ಯಾದಿ ಇಲ್ಲ."

ಲೆಕ್ಚರರ್ ಬರಲು ಎರಡು ದಿನವಿರುವಾಗ ಮಾರ್ತಾ ಮೀನು ಮಾರಲು ಹೊರಟ ಪದ್ದುವಿನ ಜೊತೆ ಬಸ್ಸು ಹತ್ತಿ ನಾವುಂದಕ್ಕೆ ಹೋದಳು. ಅಲ್ಲಿ ಜಿನಸಿ ಅಂಗಡಿಯವರ ಮನೆಯ ಸರಸಮ್ಮ ಒಂಬತ್ತು ವರ್ಷಗಳ ಖಾಯಂ ಗಿರಾಕಿ. ಬಿಳಿ ಹುಡುಗಿಯನ್ನು ಕಂಡದ್ದೇ ಅವರು ಕೈಹಿಡಿದು ಚಾವಡಿಗೆ ಕರೆದೊಯ್ದು, ಹೂವಿನ ಚಿತ್ರದ ಕಪ್ಪಿನಲ್ಲಿ ಕಾಫಿ ಕೊಟ್ಟರು. ಪದ್ದು ಎಂದಿನಂತೆ ಹಿಂದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತಳು. ಮೀನಿನವರಿಗೆಂದು ಅಲ್ಲಿ ಒಂದು ಸ್ಟೀಲ್ ಲೋಟ ಕವುಚಿಕೊಂಡೇ ಇರುತ್ತದೆ. ಪದ್ದು ಅದನ್ನು ತಿರುಗಿಸಿಟ್ಟಳು; ಸರಸಮ್ಮ ಮುಟ್ಟದೆ, ಮೇಲಿನಿಂದ ಕಾಫಿ ಹೊಯ್ದು ಒಳಗೆ ಹೋದರು.

ಮಾರ್ತಾ ತನ್ನ ಕಪ್ಪು ಹಿಡಿದು ಹಿತ್ತಿಲಿಗೆ ಬಂದಳು. ಲೋಟದೊಳಗೆ ಬಗ್ಗಿ ನೋಡಿದಳು. ಅಂಚಿನಲ್ಲಿ ಹಸಿರು ಪಾಚಿ. ಕಾಫಿಯ ಮೇಲೆ ಸತ್ತ ಇರುವೆಗಳು ತೇಲುತ್ತಿದ್ದವು. ಅವಳು ಮುಖ ಕೆಂಪಗೆ ಮಾಡಿಕೊಂಡು ತಾನು ಅರ್ಧ ಕುಡಿದ ಕಪ್ಪನ್ನು ಮುಂದೆ ಚಾಚಿದಳು.

"ಇದನ್ನು ನೀವು ಕುಡಿಯಿರಿ."

ಪದ್ದು ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಕಪ್ಪು ಹಿಡಿದು ಕೂತಳು. ಒಂದರಲ್ಲಿ ಪಾಚಿ, ಇನ್ನೊಂದರಲ್ಲಿ ತುಟಿಯ ಗುರುತು. ಒಂಬತ್ತು ವರ್ಷ ಅವಳು ಕಣ್ಣು ಮುಚ್ಚಿ ಕುಡಿದು, ತಾನೇ ತೊಳೆದು ಕವುಚಿಟ್ಟ ಲೋಟ ಅದು. ಅವಳು ಎರಡನ್ನೂ ಕಲ್ಲಿನ ಮೇಲೆ ಸುರಿದಳು.

ಬಾಗಿಲಲ್ಲಿ ನಿಂತಿದ್ದ ಸರಸಮ್ಮ ನಕ್ಕರು. "ಎಂತ ಪದ್ದು, ಫಾರಿನ್ನವ್ರ ಎಂಜಲೂ ನಿಂಗ್ ಬೇಡ್ದಾ?"

"ಎಂಜಲ್ ಯಾರದ್ದಾರೂ ಎಂಜಲೇ ಅಮ್ಮ," ಪದ್ದು ಬುಟ್ಟಿ ಎತ್ತಿಕೊಂಡಳು. "ಈ ಲೋಟ ಕಾಣಿ. ಒಂಬತ್ ವರ್ಷದಲ್ಲ್ ನಿಮ್ಮನಿಯವ್ರ್ ಒಂದಿನ ಮುಟ್ಟಿ ತೊಳೀಲಿಲ್ಲ."

ಆ ದಿನ ಆ ಮನೆಗೆ ಮೀನು ಕೊಡಲಿಲ್ಲ. ಇಬ್ಬರೂ ಬಸ್ ಸ್ಟ್ಯಾಂಡಿಗೆ ಬಂದರು. ಒಮ್ಮೆ ಬಾಯಿ ಬಿಟ್ಟ ಮೇಲೆ ಉಳಿದದ್ದನ್ನು ಒಳಗೆ ಇಟ್ಟುಕೊಳ್ಳುವುದು ಪದ್ದುವಿಗೆ ಕಷ್ಟವಾಯಿತು.

"ಅದ್ ಬೆಕ್ಕ್ ಅಲ್ಲ ಹೆಣ್ಣೇ. ಸಾರ್ ಚೆಲ್ಲಿದ್ದ್ ನಾನ್. ನೀನ್ ನೆಕ್ಕಿದ್ ಸೌಟ್ ತಿರ್ಗಿ ಅಳ್ಗಿಗ್ ಹಾಕ್ತಿಯಲೆ, ನಂಗ್ ಹೇಸ್ಗಿ ಆತ್ತ್."

ಮಾರ್ತಾಳಿಗೆ ಅರ್ಥವಾಗಲು ಎರಡು ಸಲ ಹೇಳಬೇಕಾಯಿತು.

"ಯಾಕೆ ಹೇಳಲಿಲ್ಲ? ನಾನು ಸುಮ್ಮನೆ ಬೆಕ್ಕನ್ನು ಹೊಡೆದೆ."

ಪದ್ದು ಬುಟ್ಟಿ ಎತ್ತಿಕೊಂಡು, ಬಂದ ಬಸ್ಸಿಗೆ ಕೈ ತೋರಿಸಿದಳು.

ಶನಿವಾರ ಲೆಕ್ಚರರ್ ಬಂದು ಜಗಲಿಯಲ್ಲಿ ಕಾಗದ ಬಿಡಿಸಿ ಕೂತರು. ಪೇಟೆಯಲ್ಲಿ ಮನೆ ತಯಾರಿದೆ, ಏನಾದರೂ ತೊಂದರೆಯಿದ್ದರೆ ಸಂಕೋಚಪಡದೆ ಹೇಳಿ ಎಂದರು. ಮೀನಿನ ಬೋಟಿನಿಂದ ಬಂದಿದ್ದ ಪದ್ದುವಿನ ಗಂಡ ಗೋವರ್ಧನ ಎಂಥ ತೊಂದರೆಯೂ ಇಲ್ಲವೆಂದು ಕೈ ಮುಗಿದ.

"ಅವ್ರಿಗ್ ಗೊತ್ತಿಲ್ಲ," ಎಂದಳು ಪದ್ದು. "ನಂಗ್ ಹೇಸ್ಗಿ ಆಪ್ದೆಲ್ಲ ಇವ್ಳ್ ಎದ್ರೇ ಹೇಳ್ತೆ, ಬರ್ಕಣಿ ಮೇಡಂ."

ಹೇಳಿದಳು. ಹಲ್ಲುಜ್ಜುವ ಮೊದಲು ಚಾ ಕುಡಿಯುವುದು, ಕಕ್ಕಸಿನ ಚಪ್ಪಲಿಯಲ್ಲಿ ಒಳಗೆ ಬರುವುದು, ಮೂಗು ಸೀನಿದ ಕರವಸ್ತ್ರವನ್ನು ದಿಂಬಿನಡಿ ಇಡುವುದು. ಮಾರ್ತಾ ಒಂದೊಂದಕ್ಕೂ ತಲೆಯಾಡಿಸಿ ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಮುಗಿದ ಮೇಲೆ, ತನಗೂ ಒಂದು ಹೇಳಲಿಕ್ಕಿದೆ ಎಂದಳು. ಶಬ್ದ ಗೊತ್ತಿಲ್ಲದ್ದರಿಂದ ಕುತ್ತಿಗೆ ಹಿಡಿದುಕೊಂಡು, ಬೆಳಿಗ್ಗೆ ನಲ್ಲಿಯ ಬಳಿ ಗೋವರ್ಧನ ಕ್ಯಾಕರಿಸಿ ಉಗುಳುವುದನ್ನು ಹಾಗೆಯೇ ಮಾಡಿ ತೋರಿಸಿದಳು. ಅಲ್ಲೇ ತಾನು ಮುಖ ತೊಳೆಯಬೇಕು ಎಂದಳು.

ಲೆಕ್ಚರರ್ ಪೆನ್ನು ಎತ್ತಿ ಹಿಡಿದು ಪದ್ದುವನ್ನು ನೋಡಿದರು.

"ಅದ್ ನಂಗೂ ಹೇಸ್ಗಿಯೇ," ಎಂದಳು ಪದ್ದು, "ಇಪ್ಪತ್ತ್ ವರ್ಷದಿಂದ."

ಹಾಗಾದರೆ ಮನೆ ಬದಲಿಸಬೇಕೇ ಬೇಡವೇ ಎಂದು ಅವರು ಕೇಳಿದರು.

"ಮನಿ ಎಂತಕ್ ಬದ್ಲ್? ಹೇಳಿ ಆಯ್ತಲೆ. ಇಲ್ಲೇ ಇರ್ಲಿ."

ಗೋವರ್ಧನ ಟವೆಲನ್ನು ಹೆಗಲಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ, ಕಡಲಿನ ಕಡೆ ಎದ್ದು ಹೋದ.