ಬಾಯಾರಿದ ಮಲ್ಲಿಗೆ

ಪುಣೆಯ ಕಸಬಾ ಪೇಟೆಯ ನಮ್ಮ ವಾಡೆಯಲ್ಲಿ ಹೂವಿಗೇನೂ ಬರವಿರಲಿಲ್ಲ. ಶ್ರಾವಣದಲ್ಲಿ ಪಾರಿಜಾತ ತಾನಾಗಿಯೇ ಅಂಗಳ ತುಂಬುತ್ತಿತ್ತು. ದೀಪಾವಳಿಗೆ ಶ್ಯಾವಂತಿಗೆ, ಚಳಿಗೆ ಗುಲಾಬಿ. ಹಠಮಾರಿ ಎಂದರೆ ಮಲ್ಲಿಗೆಯೊಂದೇ. ಸಂಕ್ರಾಂತಿ ಮುಗಿದ ಮೇಲೆ ಟೊಂಗೆ ಕತ್ತರಿಸಿ, ಎಲೆ ಸವರಿ, ಹೋಳಿಯವರೆಗೆ ಅದಕ್ಕೆ ನೀರು ತೋರಿಸಬಾರದು. ಆಮೇಲೆ ನೀರು ಕೊಟ್ಟರೆ ತಡೆದಿಟ್ಟ ಸಿಟ್ಟೆಲ್ಲ ಮೊಗ್ಗಾಗಿ ಬರುತ್ತದೆ. ಧಾರವಾಡದ ತವರಿನಲ್ಲಿ ಅಪ್ಪ ಕಲಿಸಿದ ಪಾಠ ಇದು.

ಆ ವರ್ಷ ನಾನು ಮೂರನೆಯ ಸಲ ಬಸುರಿ. ಮೊದಲೆರಡೂ ನಿಂತಿರಲಿಲ್ಲ. ಏಳನೆಯ ತಿಂಗಳಲ್ಲಿ ಹಸಿರು ಸೀರೆ ಉಡಿಸಿ ಹೂ ಮುಡಿಸುವ ಕುಬಸವನ್ನು ನಾನು ಕಂಡೇ ಇರಲಿಲ್ಲ. ಈ ಸಲ ಅದು ಚೈತ್ರಕ್ಕೆ ಬರುವುದಿತ್ತು. ನಮ್ಮ ಗಿಡದ ಮೊಗ್ಗಿನಿಂದಲೇ ನನ್ನ ಜಡೆ ಹೆಣೆಯಬೇಕೆಂದು ಹಟ ತೊಟ್ಟು, ಕತ್ತರಿ ಹಿಡಿದು ಗಿಡವನ್ನು ಬೋಳು ಮಾಡಿಬಿಟ್ಟೆ.

ಅತ್ತೆ ಹಿತ್ತಿಲಿಗೆ ಬಂದವರು ಎದೆಯ ಮೇಲೆ ಕೈಯಿಟ್ಟುಕೊಂಡರು.

"ಬಸುರಿ ಹೆಂಗಸು ಹೂವಿನ ಗಿಡಕ್ಕ ಕತ್ತರಿ ಹಾಕ್ತಾಳೇನ? ಅದು ಸತ್ತರ ಏನ್ ಮಾಡ್ತಿ?"

"ಸಾಯಂಗಿಲ್ರೀ ಅತ್ತಿ. ನೀವು ನೀರು ಮಾತ್ರ ಹಾಕಬ್ಯಾಡ್ರಿ."

ಶಕುನವೆಲ್ಲ ಮುದುಕಿಯರ ಕಟ್ಟುಕಥೆ ಎಂದು ಬೀಗುತ್ತಿದ್ದವಳು ನಾನು. ಆದರೂ ಆ ಮಾತು ಬಿಸಿ ತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಹೊಟ್ಟೆಯೊಳಗೆ ಕೂಸು ಸುಮ್ಮನಿದ್ದರೆ ಹಿತ್ತಿಲಿಗೆ ಓಡುತ್ತಿದ್ದೆ. ಉಗುರಿನಿಂದ ಟೊಂಗೆ ಕೆರೆದು, ಒಳಗೆ ಹಸಿರು ಕಂಡ ಮೇಲೆಯೇ ಉಸಿರು ಬಿಡುತ್ತಿದ್ದೆ.

ಹೋಳಿ ಇನ್ನೂ ದೂರವಿರುವಾಗಲೇ ಗಿಡ ಚಿಗುರಿತು. ಬರೀ ಎಲೆ, ಅದೂ ಕೊಬ್ಬಿದ ಎಲೆ. ಬುಡ ಮುಟ್ಟಿದರೆ ಹಸಿ, ಮಣ್ಣಿನಲ್ಲಿ ಅಕ್ಕಿಯ ನುಚ್ಚು. ಮರುದಿನ ಬೆಳಿಗ್ಗೆ ಬೇಗ ಎದ್ದು ಬಾಗಿಲ ಮರೆಯಲ್ಲಿ ನಿಂತೆ. ಅಕ್ಕಿ ತೊಳೆದ ನೀರಿನ ತಪ್ಪೇಲಿ ಹಿಡಿದು ಅತ್ತೆ ಬಂದರು.

ನನಗೆ ಮೈಯೆಲ್ಲ ಉರಿದುಹೋಯಿತು. "ಇನ್ನ ಮೊಗ್ಗು ಬಿಡಂಗಿಲ್ಲ ಇದು! ನನ್ನ ಕುಬಸಕ್ಕ ಹೂವು ಬ್ಯಾಡೇನ್ರಿ ನಿಮಗ?"

ಅತ್ತೆ ತಪ್ಪೇಲಿಯನ್ನು ಕೆಳಗಿಟ್ಟರು. "ಹೂವು ಯಾರಿಗೆ ಬೇಕಾಗಿತ್ತವಾ? ಒಣಗಿದ ಗಿಡ ನೋಡಿದಾಗೊಮ್ಮೆ ಈ ಕೂಸೂ ಉಳಿಯಂಗಿಲ್ಲೇನೋ ಅಂತ ಜೀವ ಹಾರತಿತ್ತು. ನಂಗ ಇದು ಹಸರ ಇದ್ದರ ಸಾಕು."

ನಾನು ತಿರುಗಿ ಒಳಗೆ ಹೋದೆ. ಮೊದಲೆರಡು ಸಲ ಅತ್ತವಳು ನಾನೊಬ್ಬಳೇ ಎಂದು ಅಲ್ಲಿಯವರೆಗೆ ತಿಳಿದಿದ್ದೆ.

ಚೈತ್ರದಲ್ಲಿ ಕುಬಸ ನಡೆಯಿತು. ಗಿಡದಲ್ಲಿ ಒಂದು ಮೊಗ್ಗೂ ಇರಲಿಲ್ಲ. ಮಿಲಿಟರಿ ಕಚೇರಿಯಿಂದ ಬರುವಾಗ ನನ್ನ ಯಜಮಾನರು ಮಂಡಯಿ ಮಾರುಕಟ್ಟೆಯಿಂದ ತಂದ ಮೊಗ್ಗಿನಲ್ಲಿ ಅತ್ತೆಯೇ ಜಡೆ ಹೆಣೆದರು. ನಡುನಡುವೆ ನಮ್ಮ ಗಿಡದ ಚಿಗುರು ಸಿಕ್ಕಿಸಿದರು. ನೆರೆಮನೆಯ ಮರಾಠಿ ಹೆಂಗಸರು ಜಡೆಯಲ್ಲಿ ಎಲೆ ಕಂಡು ಬಾಯಿಗೆ ಕೈಯಡ್ಡ ಮಾಡಿ ನಕ್ಕರು. ಹೆಣೆಯುವಾಗ ಅತ್ತೆಯ ಬೆರಳು ತಣ್ಣಗಿದ್ದವು. ಹೆರಿಗೆ ಇನ್ನೂ ದೂರವಿತ್ತು, ನಮ್ಮಿಬ್ಬರಿಗೂ ಹೆದರಿಕೆ ಹೋಗಿರಲಿಲ್ಲ.

ಮರುದಿನ ಬೆಳಿಗ್ಗೆ ಅವರು ಏಳುವ ಮೊದಲೇ ನಾನು ಅಕ್ಕಿ ತೊಳೆದೆ. ಆ ನೀರನ್ನು ಒಯ್ದು ಗಿಡದ ಬುಡಕ್ಕೆ ಹಾಕಿದೆ.